ಕೃಷಿ ವಿಶ್ವವಿದ್ಯಾಲಯದವರು ನಮಗೆ ಕೊಟ್ಟದ್ದೇನು? — ಸದಸ್ಯ ಶಿಕ್ಷಣ ಪಾಠ



ಕಳೆದ ಸಭೆಯಲ್ಲಿ ಹಿರೇಕೆರೂರು ಕಡೆಯ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಕಾರ್ಯದರ್ಶಿಗಳೇ, ನೀವು ಮಾತೆತ್ತಿದರೆ ಧಾರವಾಡದ ವಿಶ್ವವಿದ್ಯಾಲಯ ಅಂತೀರಿ. ನಮ್ಮ ತೋಟದಾಗ ಕಾಯಿ ಉದುರುವಾಗ ಅಲ್ಲಿಂದ ಯಾರೂ ಬಂದು ನಿಲ್ಲಲಿಲ್ಲ. ಅಲ್ಲಿ ಕಲಿತವರು, ಕಲಿಸಿದವರು ನಮಗೇನು ಕೊಟ್ಟಾರ?" ಸಭೆಯಲ್ಲಿ ನಗೆ ಎದ್ದಿತು. ಹೊತ್ತಾಗಿದ್ದರಿಂದ ಆ ದಿನ ನಾನು ಸರಿಯಾದ ಉತ್ತರ ಕೊಡಲಾಗಲಿಲ್ಲ.

ಆದರೆ ಪ್ರಶ್ನೆ ನಗುವಂಥದ್ದಲ್ಲ. ಹಾನಗಲ್ಲ, ಹಿರೇಕೆರೂರು ತಾಲೂಕುಗಳಲ್ಲಿ ನಿನ್ನೆಯವರೆಗೆ ಬತ್ತ, ಗೋವಿನಜೋಳ, ಹತ್ತಿ ಬೆಳೆದ ಹೊಲಗಳಲ್ಲಿ ಇಂದು ಅಡಿಕೆ ಸಸಿ ನಿಂತಿವೆ. ಶಿಗ್ಗಾಂವಿ, ಸವಣೂರುಗಳಲ್ಲಿಯೂ ಬಾವಿ ನೀರು ಇದ್ದವರು ಅತ್ತ ಕಣ್ಣು ಹಾಕುತ್ತಿದ್ದಾರೆ. ಅಡಿಕೆ ಒಂದು ಹಂಗಾಮಿನ ಬೆಳೆಯಲ್ಲ. ಇಂದು ನೆಟ್ಟ ಸಸಿಯ ಲಾಭ-ನಷ್ಟ ನಮ್ಮ ಮಕ್ಕಳಿಗೆ ಸೇರುವುದು. ಇಂಥ ಬೆಳೆಗೆ ಬರುವ ರೋಗ, ಕೀಟಗಳ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು, ಎಷ್ಟು ನಂಬಬೇಕು ಎಂಬುದು ಮನೆತನದ ಪ್ರಶ್ನೆ. ಆದ್ದರಿಂದ ಈ ಸಂಚಿಕೆಯ ಪಾಠವನ್ನು ಆ ಹಿರಿಯರ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದೇನೆ. ಹೊಗಳಿಕೆ ನನ್ನ ಉದ್ದೇಶವಲ್ಲ. ಜಮಾ-ಖರ್ಚಿನ ಪುಸ್ತಕ ಬರೆದಂತೆ, ಬಂದದ್ದನ್ನೂ ಬಾರದಿದ್ದುದನ್ನೂ ಬರೆಯುತ್ತೇನೆ.

ವಿದ್ಯಾಲಯ ಬೆಳೆದು ಬಂದ ಬಗೆ

ನಮ್ಮ ನಾಡಿನಲ್ಲಿ ಕೃಷಿ ಶಿಕ್ಷಣಕ್ಕೆ ಎರಡು ಬೇರುಗಳಿವೆ. ಒಂದು ಹಳೇ ಮೈಸೂರಿನದು. 1899ರಲ್ಲಿ ಮೈಸೂರಿನ ರಾಜಮಾತೆಯವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗ ಕ್ಷೇತ್ರಕ್ಕಾಗಿ ಕೊಟ್ಟರು. 1913ರಲ್ಲಿ ಅಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು ಆದವು. ಇನ್ನೊಂದು ಬೇರು ನಮ್ಮದು. ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1947ರಲ್ಲಿ, ಧಾರವಾಡದಲ್ಲಿ ಕೃಷಿ ಮಹಾವಿದ್ಯಾಲಯ ಆರಂಭವಾಯಿತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಧಾರವಾಡದ ಕಾಲೇಜೂ ಅದರ ಆಡಳಿತಕ್ಕೆ ಸೇರಿತು. 1986ರ ಅಕ್ಟೋಬರ್ 1ರಂದು ಅದನ್ನು ವಿಭಜಿಸಿ ಧಾರವಾಡಕ್ಕೆ ಸ್ವಂತ ವಿಶ್ವವಿದ್ಯಾಲಯ ಕೊಡಲಾಯಿತು.

ಆಗ ನಮ್ಮ ನಾಲ್ಕೂ ತಾಲೂಕುಗಳು ಧಾರವಾಡ ಜಿಲ್ಲೆಯಲ್ಲಿಯೇ ಇದ್ದವು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೆ ಬೇರೆ ವಿಶ್ವವಿದ್ಯಾಲಯ, 2012ರಲ್ಲಿ ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ಎರಡಕ್ಕೂ ಸೇರಿದ ಮತ್ತೊಂದು ವಿಶ್ವವಿದ್ಯಾಲಯ ಹುಟ್ಟಿದವು. ಮಕ್ಕಳು ಬೆಳೆದಂತೆ ಮನೆ ಹಿಸೆಯಾಗುವುದು ಸಹಜ. ಆದರೆ ಒಕ್ಕಲಿಗನಿಗೆ ಇದರಿಂದ ಒಂದು ತೊಡಕಾಯಿತು. ಹತ್ತಿಗೆ ಒಂದು ಬಾಗಿಲು, ಅಡಿಕೆಗೆ ಇನ್ನೊಂದು ಬಾಗಿಲು. ಯಾವ ಬಾಗಿಲು ಎಲ್ಲಿದೆ ಎಂಬುದನ್ನು ಪಾಠದ ಕೊನೆಯಲ್ಲಿ ಹೇಳುತ್ತೇನೆ.

ಮೊದಲ ಜಮೆ: ಕೊಳೆರೋಗದ ತಿಳುವಳಿಕೆ

ಮಲೆನಾಡಿನ ಹಿರಿಯರು ಕೊಳೆರೋಗವನ್ನು ಬಲ್ಲವರೇ. ಮಳೆಯ ನೀರು ಗೊನೆಗೆ ತಾಗಬಾರದು ಎಂದು ಅವರು ಹುಲ್ಲಿನಿಂದಲೋ ಅಡಿಕೆ ಹಾಳೆಯಿಂದಲೋ ಕೊಟ್ಟೆ ಮಾಡಿ ಗೊನೆಗೆ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟಿದ ಗೊನೆ ಉಳಿಯುತ್ತಿತ್ತು. ಏಕೆ ಉಳಿಯುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ.

1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ತರುಣ ವಿಜ್ಞಾನಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಮಳೆಯಲ್ಲಿ ತೋಟಗಳನ್ನು ಸುತ್ತಿ ಉದುರಿದ ಕಾಯಿಗಳನ್ನು ಪರೀಕ್ಷಿಸಿ, 1910ರಲ್ಲಿ ಕೊಳೆರೋಗದ ಮೇಲೆ ಒಂದು ವಿವರವಾದ ವರದಿ ಪ್ರಕಟಿಸಿದರು. ಈ ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಕುಲದ ಶಿಲೀಂಧ್ರವೆಂದು ತೋರಿಸಿದವರು ಅವರೇ. 1913ರಲ್ಲಿ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಶಾಲೆ ಬೆಳೆದದ್ದು ಅವರ ಕೈಯಲ್ಲಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಗಲು ಅವರ ಪ್ರಯತ್ನವೇ ಕಾರಣ. ನಮ್ಮ ಕಾಫಿ ಸದಸ್ಯರು ಇಂದಿಗೂ ಬೆಳೆಯುವ ಎಸ್. 795 ಅರೇಬಿಕಾ ತಳಿ 1940ರ ದಶಕದಲ್ಲಿ ಆ ಕೇಂದ್ರದಿಂದಲೇ ಬಂದಿತು. ಕಾಫಿಗೂ ಕೊಳೆರೋಗವೆಂಬ ಹೆಸರಿನ ರೋಗ ಉಂಟು. ಆದರೆ ಹೆಸರು ಒಂದೇ, ರೋಗಾಣು ಬೇರೆ. ಇದನ್ನು ಮರೆಯಬಾರದು.

ಕೋಲ್ಮನ್ನರು ಸೂಚಿಸಿದ ಔಷಧ ಬೋರ್ಡೋ ದ್ರಾವಣ. ಈ ಔಷಧ ಹುಟ್ಟಿದ ಕಥೆಯೂ ನಮಗೆ ಪಾಠವೇ. 1882ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ಡೆ ಎಂಬವರು ದ್ರಾಕ್ಷಿ ತೋಟಗಳ ನಡುವೆ ನಡೆದು ಹೋಗುತ್ತಿದ್ದರು. ಆ ವರ್ಷ ಬೂಜು ರೋಗದಿಂದ ದ್ರಾಕ್ಷಿ ಎಲೆಗಳೆಲ್ಲ ಉದುರಿದ್ದವು. ಆದರೆ ದಾರಿಯ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ನಿಂತಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ದಾರಿಹೋಕರು ಹಣ್ಣು ಕದಿಯಬಾರದೆಂದು ತೋಟದವರು ಮೈಲುತುತ್ತು ಮತ್ತು ಸುಣ್ಣ ಕಲಸಿ ಆ ಸಾಲುಗಳಿಗೆ ಎರಚಿದ್ದರು. ಬಣ್ಣ ನೋಡಿದವರು ವಿಷವೆಂದು ಹೆದರಲಿ ಎಂಬುದು ಅವರ ಉಪಾಯ. ಮಿಲಾರ್ಡೆಯವರು ಇದನ್ನು ಹಿಡಿದು ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ತೋಟದವನ ಕಳ್ಳರ ಭಯ, ಪ್ರಾಧ್ಯಾಪಕನ ಕಣ್ಣು ಎರಡೂ ಕೂಡಿ ಜಗತ್ತಿಗೆ ಒಂದು ಔಷಧ ದೊರೆಯಿತು.

ಕೋಲ್ಮನ್ನರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1980ರ ದಶಕದಲ್ಲಿ ಎಂ. ಎನ್. ಎಲ್. ಶಾಸ್ತ್ರಿ ಮತ್ತು ಧಾರವಾಡದ ಸಸ್ಯರೋಗ ಶಾಸ್ತ್ರಜ್ಞ ಆರ್. ಕೆ. ಹೆಗಡೆ ಅವರು ಅಡಿಕೆ ತೋಟಗಳಿಂದ ರೋಗಾಣುಗಳನ್ನು ಸಂಗ್ರಹಿಸಿ ಮತ್ತೆ ಅಭ್ಯಾಸ ಮಾಡಿದರು. ಕೋಲ್ಮನ್ನರು ಗುರುತಿಸಿದ ಜಾತಿಯಲ್ಲದೆ ಫೈಟಾಫ್ತೊರ ಮೀಡಿಯೈ ಎಂಬ ಜಾತಿಯೂ ನಮ್ಮ ಕೊಳೆರೋಗಕ್ಕೆ ಕಾರಣವೆಂದು ತೋರಿಸಿದರು. ಹಿರಿಯರ ಕೆಲಸವನ್ನು ಗೌರವಿಸಿಯೂ ಮತ್ತೊಮ್ಮೆ ಒರೆಗೆ ಹಚ್ಚಿ ನೋಡುವುದು ವಿದ್ಯಾಲಯದ ಧರ್ಮ.

ಈಗ ರೋಗ ನಡೆಯುವ ರೀತಿ ತಿಳಿಯೋಣ. ಈ ರೋಗಾಣುವಿನ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ನಿಂತ ತೆಳುವಾದ ನೀರಿನ ಪೊರೆಯೇ ಅವಕ್ಕೆ ಹೊಳೆ. ಈಜಿ ಹೋಗಿ ಕಾಯಿಯ ತೊಟ್ಟಿನ ಬಳಿ ಒಳನುಗ್ಗುತ್ತವೆ. ಮೊದಲು ಕಡುಹಸಿರಿನ, ನೀರು ಹೀರಿದಂಥ ಕಲೆ, ಆಮೇಲೆ ಕಾಯಿ ಉದುರುವುದು, ಅದರ ಮೇಲೆ ಬಿಳಿ ಬೂಜು. ಗಾಳಿ-ಮಳೆ ಆ ಬೂಜನ್ನು ಮುಂದಿನ ಮರಕ್ಕೆ ಒಯ್ಯುತ್ತದೆ. ಮಳೆ, ನಡುವೆ ಬಿಸಿಲು, ಮತ್ತೆ ಮಳೆ ಎಂಬ ಹವೆ ಅದಕ್ಕೆ ಬಹಳ ಅನುಕೂಲ. ತಾಮ್ರದ ಔಷಧ ಬೀಜಕಣವನ್ನು ಕಾಯಿಯ ಹೊರಮೈಯಲ್ಲಿಯೇ ಕೊಲ್ಲುತ್ತದೆ, ಒಳಹೊಕ್ಕ ಮೇಲೆ ಕೊಲ್ಲಲಾರದು. ಆದ್ದರಿಂದಲೇ ಮಳೆ ಹಿಡಿಯುವ ಮೊದಲು, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ, ಮೊದಲ ಸಿಂಪರಣೆ ಆಗಬೇಕು. 40-45 ದಿನಗಳ ಮೇಲೆ ಎರಡನೆಯದು. ಮಳೆ ಮುಂದುವರಿದರೆ ಮೂರನೆಯದು.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ವಿಜ್ಞಾನದ ಪದವಿ ಪಡೆದು ಊರಿಗೆ ಬಂದ ಹೊಸತರಲ್ಲಿ ನನಗೆ ಎಲ್ಲ ಗೊತ್ತೆಂಬ ಹಮ್ಮು ಇತ್ತು. ಕಬ್ಬಿಣದ ಡ್ರಮ್ಮಿನಲ್ಲಿ ದ್ರಾವಣ ಮಾಡಿಸಿದೆ. ಸುಣ್ಣ ಮಳೆಗಾಳಿಗೆ ಸಿಕ್ಕು ಪುಡಿಯಾಗಿ ಸತ್ತದ್ದು. ಪರೀಕ್ಷೆ ಮಾಡಲಿಲ್ಲ. ಬೆಳಗ್ಗೆ ಮಾಡಿದ್ದು ಉಳಿಯಿತೆಂದು ಮರುದಿನವೂ ಅದನ್ನೇ ಹೊಡೆಸಿದೆ. ಆ ವರ್ಷ ಪಕ್ಕದ ತೋಟದ ಓದಿಲ್ಲದ ಹಿರಿಯರ ಗೊನೆ ಉಳಿಯಿತು, ನನ್ನ ಕಾಯಿ ನೆಲ ತುಂಬಿತು. ಔಷಧದಲ್ಲಿ ದೋಷವಿರಲಿಲ್ಲ. ದೋಷ ನನ್ನ ಡ್ರಮ್ಮಿನಲ್ಲಿಯೂ ಸುಣ್ಣದಲ್ಲಿಯೂ ಇತ್ತು. ಆದ್ದರಿಂದ ಕ್ರಮವನ್ನು ಇಲ್ಲಿ ಮತ್ತೊಮ್ಮೆ ಬರೆಯುತ್ತೇನೆ:

1. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತು 1 ಕಿಲೊ, ಒಳ್ಳೆಯ ಸುಟ್ಟ ಸುಣ್ಣ 1 ಕಿಲೊ, ನೀರು 100 ಲೀಟರ್.

2. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಬೇರೆ ಕರಗಿಸಬೇಕು. ಬಟ್ಟೆಯಲ್ಲಿ ಕಟ್ಟಿ ನೀರಿಗೆ ತೂಗುಬಿಟ್ಟರೆ ಬೇಗ ಕರಗುತ್ತದೆ. ಸುಣ್ಣವನ್ನು ಅರಳಿಸಿ, ಸೋಸಿ, ಉಳಿದ 50 ಲೀಟರಿನಲ್ಲಿ ಬೇರೆ ಕಲಸಬೇಕು.

3. ಪಾತ್ರೆ ಪ್ಲಾಸ್ಟಿಕ್, ಮಣ್ಣು ಅಥವಾ ಕಟ್ಟಿಗೆಯದಿರಲಿ. ಕಬ್ಬಿಣ, ತಗಡು ಬೇಡ.

4. ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುವಬೇಕು.

5. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಕೆಂಪು ಕೂಡುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿರಿ.

6. ಮಾಡಿದ ದಿನವೇ ಮುಗಿಸಿರಿ. ಗೊನೆ ಪೂರ್ತಿ ತೋಯಬೇಕು. ಉದುರಿದ ರೋಗದ ಕಾಯಿ, ಒಣಗಿದ ಗೊನೆಗಳನ್ನು ಆರಿಸಿ ತೆಗೆದು ಸುಡಿರಿ.

ಎರಡನೆಯ ಜಮೆ: ಧಾರವಾಡದ ಹತ್ತಿ

ನಮ್ಮಲ್ಲಿ ಅನೇಕರು ಅಡಿಕೆಗೆ ಬರುವ ಮೊದಲು ಹತ್ತಿಯಲ್ಲಿ ಬೆಳೆದವರು. ಆದ್ದರಿಂದ ಈ ಕಥೆ ಪರರದಲ್ಲ. 1972ರಲ್ಲಿ ಧಾರವಾಡದ ಹತ್ತಿ ತಳಿವಿಜ್ಞಾನಿ ಡಾ. ಬಿ. ಎಚ್. ಕಾತರಕಿ ಅವರು ವರಲಕ್ಷ್ಮಿ ಎಂಬ ಸಂಕರಣ ತಳಿಯನ್ನು ಹೊರತಂದರು. ಅದಕ್ಕೆ ಎರಡು ವರ್ಷ ಮೊದಲು ಗುಜರಾತಿನಲ್ಲಿ ಸಿ. ಟಿ. ಪಟೇಲ್ ಅವರು ಎಚ್-4 ಎಂಬ ಸಂಕರಣ ಹತ್ತಿ ತಂದಿದ್ದರು. ಅದು ಒಂದೇ ಜಾತಿಯೊಳಗಿನ ಸಂಕರಣ. ಕಾತರಕಿಯವರದು ಎರಡು ಬೇರೆ ಬೇರೆ ಜಾತಿಗಳ ಸಂಕರಣ. ತಾಯಿ ನಮ್ಮ ನೆಲಕ್ಕೆ ಒಗ್ಗಿದ ಲಕ್ಷ್ಮಿ ತಳಿ, ತಂದೆ ಈಜಿಪ್ಟಿನ ಹತ್ತಿಯ ಬಳಗಕ್ಕೆ ಸೇರಿದ ಉದ್ದ ಎಳೆಯ ತಳಿ. ಇಳುವರಿ ತಾಯಿಯಿಂದ, ಎಳೆಯ ಉದ್ದ ತಂದೆಯಿಂದ. ಇಂಥ ಅಂತರಜಾತಿ ಸಂಕರಣ ಹತ್ತಿಯನ್ನು ವ್ಯಾಪಾರಕ್ಕಾಗಿ ಬೆಳೆದದ್ದು ಜಗತ್ತಿನಲ್ಲಿ ಅದೇ ಮೊದಲು. 1981ರಲ್ಲಿ ಅವರದೇ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಬಂದಿತು. ನುಣುಪಾದ ನೂಲಿಗೆ ಪರದೇಶದ ಹತ್ತಿ ತರಿಸುತ್ತಿದ್ದ ಗಿರಣಿಗಳು ನಮ್ಮ ಪೇಟೆಗಳತ್ತ ತಿರುಗಿದವು. ಹತ್ತಿಯ ದುಡ್ಡಿನಲ್ಲಿ ಬಾವಿ ತೋಡಿಸಿದ, ಮಕ್ಕಳನ್ನು ಓದಿಸಿದ ಮನೆಗಳು ನಮ್ಮ ಸುತ್ತಲೂ ಇವೆ.

ಆದರೆ ಜಮೆಯ ಎದುರಿಗೆ ಖರ್ಚನ್ನೂ ಬರೆಯಬೇಕು. ಸಂಕರಣ ಬೀಜವನ್ನು ಮನೆಯಲ್ಲಿ ಎತ್ತಿಟ್ಟುಕೊಳ್ಳಲಾಗದು. ಅದರ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಪ್ರತಿವರ್ಷ ಬೀಜ ಕೊಳ್ಳಲೇಬೇಕು. ಆ ಬೀಜ ಆಗುವುದಾದರೂ ಹೇಗೆ? ಮಧ್ಯಾಹ್ನದ ಮೇಲೆ, ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ದಳವನ್ನೂ ಕೇಸರವನ್ನೂ ಬಿಡಿಸಿ, ಗುರುತಿಗೆ ಬಣ್ಣದ ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಗ್ಗೆ ಗಂಡು ಹೂ ತಂದು ಒಂದೊಂದಕ್ಕೂ ಪರಾಗ ಮುಟ್ಟಿಸಬೇಕು. ಇದು ಹೂವಿಗೊಂದು ಕೈಯ ಕೆಲಸ. ರಾಣೆಬೆನ್ನೂರು ಸುತ್ತಿನಲ್ಲಿ ಬೀಜೋತ್ಪಾದನೆ ಒಂದು ಕಸುಬಾಗಿಯೇ ಬೆಳೆಯಿತು, ಸಾವಿರಾರು ಹೆಣ್ಣುಮಕ್ಕಳಿಗೆ ಕೂಲಿ ದೊರೆಯಿತು. ಅದೇ ಕೆಲಸಕ್ಕೆ ದೇಶದ ಅನೇಕ ಕಡೆ ಶಾಲೆಗೆ ಹೋಗಬೇಕಾದ ಎಳೆಯ ಮಕ್ಕಳನ್ನೂ ಹಚ್ಚಿದರು. ಇದನ್ನು ಮರೆಮಾಚಬಾರದು. ವರಲಕ್ಷ್ಮಿಯ ಶೋಧಕರು ಕಾತರಕಿಯವರು ನಿಜ. ಆದರೆ ಹೊಲದಲ್ಲಿ ಅದನ್ನು ವರ್ಷವರ್ಷವೂ ಮತ್ತೆ ಹುಟ್ಟಿಸಿದವು ಹೆಸರಿಲ್ಲದ ಆ ಬೆರಳುಗಳು.

ಇನ್ನೊಂದು ಖರ್ಚು ಕೀಟನಾಶಕದ್ದು. ದೀರ್ಘ ಅವಧಿಯ ಈ ಹತ್ತಿಗೆ ಕಾಯಿಕೊರಕದ ಕಾಟ ಹೆಚ್ಚು. ಹೊಡೆದಷ್ಟೂ ಹುಳು ಬಲಿಯಿತು, ಬಲಿತಷ್ಟೂ ನಾವು ಹೊಡೆದೆವು. 2002ರಲ್ಲಿ ದೇಶದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲೆ ಹಳೆಯ ತಳಿಗಳು ಹಿಂದೆ ಸರಿದವು. ಕೆಲವು ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಅದಕ್ಕೂ ಜಗ್ಗದಾಯಿತು. ಒಂದೇ ಬೆಳೆ, ಒಂದೇ ತಳಿ, ಒಂದೇ ಔಷಧ ಎಂದು ನಂಬಿ ಕುಳಿತವನಿಗೆ ಯಾವ ವಿದ್ಯಾಲಯವೂ ಶಾಶ್ವತ ರಕ್ಷೆ ಕೊಡಲಾರದು. ಹತ್ತಿಯನ್ನು ಬಿಟ್ಟು ಅಡಿಕೆಗೆ ಬಂದ ನಾವು ಈ ಪಾಠವನ್ನು ಹತ್ತಿಯ ಹೊಲದಲ್ಲಿ ಬಿಟ್ಟು ಬರಬಾರದು.

ಮೂರನೆಯ ಜಮೆ: ಮಣ್ಣಿನೊಳಗಿನ ಶತ್ರು, ಮಣ್ಣಿನೊಳಗಿನ ಮಿತ್ರ

ಅಡಿಕೆ ಮರದ ಗರಿ ಹಳದಿಯಾಗಿ, ಕಾಂಡ ತುದಿಗೆ ಸಣ್ಣಗಾಗಿ, ಮರ ಅಲ್ಲಾಡಿದರೆ ನಾವು ಮೊದಲು ಗೊಬ್ಬರ ಸಾಲದೆನ್ನುತ್ತೇವೆ. ಬುಡ ಅಗೆದರೆ ಬೇರು ತಿನ್ನುವ ಬಿಳಿಯ ಗೊಣ್ಣೆಹುಳು ಕಾಣುತ್ತದೆ. ಈ ಹುಳುಗಳ ಜೀವನಕ್ರಮವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಡಾ. ಜಿ. ಕೆ. ವೀರೇಶ್ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿ 1977ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮುಂದೆ ಅವರು ಅದೇ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು.

ಇಂಥ ಅಭ್ಯಾಸದಿಂದ ನಮಗೆ ಸಿಕ್ಕ ಮುಖ್ಯ ಸಂಗತಿ ಎಂದರೆ ಹುಳುವಿನ ಪಂಚಾಂಗ. ಶೇಂಗಾ, ಕಬ್ಬು ತಿನ್ನುವ ಜಾತಿಯ ದುಂಬಿ ಮುಂಗಾರುಪೂರ್ವ ಮಳೆ ಬಿದ್ದೊಡನೆ ಮುಸ್ಸಂಜೆಗೆ ನೆಲದಿಂದ ಎದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತದೆ. ಅದರ ಜೀವನಚಕ್ರ ಒಂದು ವರ್ಷದ್ದು. ಮಲೆನಾಡಿನ ಅಡಿಕೆ ತೋಟದ ಗೊಣ್ಣೆಹುಳು ಬೇರೆ ಜಾತಿ, ಅದರ ಚಕ್ರ ಎರಡು ವರ್ಷದ್ದು. ಅದರ ದುಂಬಿ ಮಳೆಗಾಲದ ಆರಂಭದಲ್ಲಿ ಕತ್ತಲಾಗುವ ಹೊತ್ತಿಗೆ ಸ್ವಲ್ಪ ಸಮಯ ಮಾತ್ರ ಹೊರಬಂದು ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತದೆ. ಅಂದರೆ ವರ್ಷವಿಡೀ ಕೈಗೆ ಸಿಗದ ಶತ್ರು ಕೆಲವೇ ಸಂಜೆ ನಮ್ಮ ಎದುರಿಗೆ ಹಾರುತ್ತದೆ. ಆ ಸಂಜೆಗಳಲ್ಲಿ ದುಂಬಿಗಳನ್ನು ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದಿನ ಎರಡು ವರ್ಷದ ಬೇರು ಉಳಿಯುತ್ತದೆ. ಮರಿಹುಳು ಸಣ್ಣದಿರುವಾಗ ಬುಡ ಕೆದಕಿ ಔಷಧ ಕೊಟ್ಟರೆ ಫಲವುಂಟು. ಬಲಿತ ಹುಳುವಿಗೆ ಸುರಿದ ಔಷಧ ಮಣ್ಣಿಗೂ ನಮ್ಮ ಬಾವಿಯ ನೀರಿಗೂ ಹೊರೆ.

ಆದರೆ ದುಂಬಿಗೆ ಬೇಲಿಯಿಲ್ಲ. ಒಬ್ಬನು ಹಿಡಿದು ನಾಲ್ವರು ಸುಮ್ಮನಿದ್ದರೆ ಅದು ನಾಲ್ವರ ತೋಟದಿಂದ ಒಬ್ಬನ ತೋಟಕ್ಕೆ ಬರುತ್ತದೆ. ಕೊಳೆರೋಗಕ್ಕೂ ಇದೇ ಮಾತು. ವಿದ್ಯಾಲಯ ಪಂಚಾಂಗ ಕೊಟ್ಟಿತು. ಊರನ್ನು ಒಂದೇ ಸಂಜೆ ಹೊರಡಿಸುವ ಕೆಲಸ ಸಹಕಾರಿ ಸಂಘದ್ದು.

ಇನ್ನು ಮಿತ್ರನ ವಿಷಯ. ಶಿಗ್ಗಾಂವಿ, ಸವಣೂರು ಕಡೆಯ ಸದಸ್ಯರು ಶೇಂಗಾ, ಸೋಯಾ ಹೊಲದಲ್ಲಿ ಒಂದು ನೋಟ ಕಂಡಿರಬಹುದು. ಮೋಡ ಮುಚ್ಚಿದ, ತೇವದ ದಿನಗಳಲ್ಲಿ ಎಲೆತಿನ್ನುವ ಹುಳುಗಳು ಗಿಡದ ಮೇಲ್ತುದಿಗೆ ಏರಿ, ಬಿಳಿ ಸುಣ್ಣ ಬಳಿದಂತೆ ಗಟ್ಟಿಯಾಗಿ ಸತ್ತು ಅಂಟಿಕೊಂಡಿರುತ್ತವೆ. ಕೆಲವು ದಿನಕ್ಕೆ ಅವುಗಳ ಮೇಲೆ ಹಸಿರು ಪುಡಿ ಕಾಣುತ್ತದೆ. ಇದು ನೊಮೂರಿಯಾ ರಿಲೆಯಿ ಎಂಬ ಶಿಲೀಂಧ್ರದ ಕೆಲಸ. ಧಾರವಾಡದ ಕೀಟಶಾಸ್ತ್ರಜ್ಞ ಡಾ. ಎಸ್. ಲಿಂಗಪ್ಪ ಮತ್ತು ಅವರ ಸಹೋದ್ಯೋಗಿಗಳು ಈ ಸತ್ತ ಹುಳುವನ್ನು ಕಸವೆಂದು ಬಿಡದೆ, ಆ ಶಿಲೀಂಧ್ರವನ್ನು ಧಾನ್ಯದ ನುಚ್ಚಿನ ಮೇಲೆ ಬೆಳೆಸಿ ಹೊಲಕ್ಕೆ ಸಿಂಪಡಿಸುವ ವಿಧಾನವನ್ನು ರೂಢಿಗೆ ತಂದರು. 2002ರ ಸುಮಾರಿಗೆ ನಮ್ಮ ರಾಜ್ಯದ ಕಬ್ಬಿಗೆ ಬಿಳಿ ಉಣ್ಣೆಹೇನು ಮುತ್ತಿದಾಗಲೂ ಧಾರವಾಡದವರು ಆ ಹೇನನ್ನು ತಿನ್ನುವ ಮೈಕ್ರೋಮಸ್ ಎಂಬ ಕೀಟವನ್ನು ಸಾಕಿ ರೈತರಿಗೆ ಹಂಚಿದರು. ಗೊಣ್ಣೆಹುಳುವಿಗೂ ಮೆಟಾರೈಜಿಯಂ ಎಂಬ ಶಿಲೀಂಧ್ರ ಇಂದು ಬಳಕೆಯಲ್ಲಿದೆ. ಒಂದು ಎಚ್ಚರಿಕೆ: ಇವು ಜೀವಂತ ಔಷಧಗಳು. ತೇವ ಬೇಕು, ನೆರಳು ಬೇಕು, ತಾಜಾತನ ಬೇಕು. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೊಟ್ಟಣ ತಂದು ಹಾಕಿ ಫಲ ಕಾಣಲಿಲ್ಲವೆಂದರೆ ಶಿಲೀಂಧ್ರದ ತಪ್ಪಲ್ಲ.

ಇದೇ ಸಾಲಿಗೆ ಸೇರುವ ಇನ್ನೊಂದು ಸಂಗತಿ ಉಂಟು. ಧಾರವಾಡದ ಸುತ್ತಿನ ರಸ್ತೆ ಬದಿಗಳಲ್ಲಿ ತಗಚೆಯ ಬಳಗದ ಕ್ಯಾಸಿಯಾ ಗಿಡವು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸವನ್ನು, ಹಿಂದಕ್ಕೆ ಒತ್ತುತ್ತಿರುವುದು ವಿಜ್ಞಾನಿಗಳ ಕಣ್ಣಿಗೆ ಬಿದ್ದಿತ್ತು. ಬತ್ತದ ತಳಿಗಳಿಗೆ ಹೆಸರಾಗಿ, ಮುಂದೆ ಧಾರವಾಡದ ಕುಲಪತಿಗಳಾಗಿ, 2013ರಲ್ಲಿ ಪದ್ಮಭೂಷಣ ಪಡೆದ ಡಾ. ಎಂ. ಮಹಾದೇವಪ್ಪ ಅವರು ಇದನ್ನು ಅಭ್ಯಾಸ ಮಾಡಿ ಪ್ರಚಾರಕ್ಕೆ ತಂದರು. ಬೋರ್ಡೋದ ದ್ರಾಕ್ಷಿಯಾಗಲಿ, ಧಾರವಾಡದ ಕಸವಾಗಲಿ, ದಾರಿಯ ಬದಿಯನ್ನು ನೋಡುತ್ತ ನಡೆದವರಿಗೇ ಕಂಡದ್ದು.

ಬಾಕಿ ಉಳಿದದ್ದು

ಈಗ ಹಿರಿಯರ ಪ್ರಶ್ನೆಯ ಕಹಿ ಭಾಗಕ್ಕೆ ಬರೋಣ. ಎಲ್ಲಕ್ಕೂ ಉತ್ತರ ಸಿಕ್ಕಿಲ್ಲ. ಅಡಿಕೆಯ ಹಳದಿ ಎಲೆ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿ ಕಾರಣವೆಂದು ತಿಳಿದಿದೆ, ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಶೃಂಗೇರಿ, ಕೊಪ್ಪ, ಸುಳ್ಯ ಭಾಗದಲ್ಲಿ ಅದರಿಂದ ತೋಟವನ್ನೇ ಕಳೆದುಕೊಂಡವರಿದ್ದಾರೆ. 2022ರ ಮಳೆಗಾಲದಿಂದೀಚೆ ಎಲೆಚುಕ್ಕೆ ರೋಗ ಮಲೆನಾಡಿನ ಅನೇಕ ತೋಟಗಳನ್ನು ಸುಟ್ಟಂತೆ ಮಾಡಿತು. ಹೊಸ ತೋಟಗಳಿಗಾಗಿ ಸಸಿ ಹುಡುಕಿಕೊಂಡು ನಾವು ಹೋಗುವುದೂ ಆ ಸೀಮೆಗಳಿಗೇ. ರೋಗದ ತೋಟದ ಸಸಿ ತಂದರೆ ರೋಗವನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದಂತೆ. ಸಸಿ ಕೊಳ್ಳುವ ಮೊದಲು ತಾಯಿತೋಟವನ್ನು ಕಣ್ಣಾರೆ ನೋಡಿ ಬನ್ನಿರಿ.

"ಅವರು ಯಾರೂ ಬಂದು ನಿಲ್ಲಲಿಲ್ಲ" ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ನಾವು ಎಷ್ಟು ಜನ ರೋಗದ ಎಲೆಯನ್ನು ಹಿಡಿದು ಅವರ ಬಾಗಿಲಿಗೆ ಹೋಗಿದ್ದೇವೆ? ಔಷಧದ ಅಂಗಡಿಗೆ ಹೋಗುತ್ತೇವೆ. ಕೊಟ್ಟದ್ದನ್ನು ತಂದು ಹೊಡೆಯುತ್ತೇವೆ. ಮೇಲೆ ಹೇಳಿದ ಶೋಧನೆಗಳಲ್ಲಿ ಬಹುಪಾಲು, ಬೆಳೆಗಾರನ ಹೊಲದಲ್ಲಿ ಕಂಡ ಒಂದು ಸಂಗತಿಯನ್ನು ಬಲ್ಲವನೊಬ್ಬ ಕೈಗೆತ್ತಿಕೊಂಡದ್ದರಿಂದ ಆದವು. ಕಂಡದ್ದು ನಮ್ಮಲ್ಲಿಯೇ ಉಳಿದರೆ ಅವರು ಕೈಗೆತ್ತಿಕೊಳ್ಳುವುದು ಏನನ್ನು?

ಬಾಗಿಲುಗಳು ದೂರವಿಲ್ಲ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರವಿದೆ. ಹಾನಗಲ್ಲದವರಿಗೆ ಶಿರಸಿಯ ತೋಟಗಾರಿಕೆ ಕಾಲೇಜು, ಹಿರೇಕೆರೂರಿನವರಿಗೆ ಶಿವಮೊಗ್ಗದ ನವುಲೆಯ ಅಡಿಕೆ ಸಂಶೋಧನಾ ಕೇಂದ್ರ ಅನುಕೂಲ. ನಮ್ಮ ತಾಲೂಕಿನ ಕೃಷಿ, ತೋಟಗಾರಿಕೆ ಅಧಿಕಾರಿಗಳಲ್ಲಿ ಅನೇಕರು ಈ ವಿದ್ಯಾಲಯಗಳ ಹಳೆಯ ವಿದ್ಯಾರ್ಥಿಗಳೇ. ತಾವು ಕಲಿತ ಗುರುಗಳಿಗೆ ಮಾದರಿಯನ್ನು ಮುಟ್ಟಿಸುವಂತೆ ಅವರನ್ನು ಕೇಳಲು ಸಂಕೋಚ ಬೇಡ.

ಮಾದರಿ ಒಯ್ಯುವ ಕ್ರಮ ಹೀಗಿರಲಿ. ಪೂರ್ತಿ ಒಣಗಿದ ಎಲೆ ಬೇಡ. ರೋಗ ಈಗಷ್ಟ ಹಬ್ಬುತ್ತಿರುವ, ಅರ್ಧ ಹಸಿರು ಇರುವ ಭಾಗ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ, ಕಾಗದದಲ್ಲಿ ಸುತ್ತಿರಿ. ಬೇರಿನ ತೊಂದರೆಯಾದರೆ ಬುಡದ ಮಣ್ಣು, ಬೇರು, ಹುಳು ಸಿಕ್ಕರೆ ಹುಳುವನ್ನೂ ಒಯ್ಯಿರಿ. ಒಂದು ಚೀಟಿಯಲ್ಲಿ ಮರದ ವಯಸ್ಸು, ರೋಗ ಮೊದಲು ಕಂಡ ದಿನ, ತೋಟದ ಯಾವ ಮೂಲೆಯಿಂದ ಯಾವ ಕಡೆಗೆ ಹಬ್ಬಿತು, ಸಸಿ ಎಲ್ಲಿಂದ ತಂದದ್ದು, ಯಾವ ಔಷಧ ಎಷ್ಟು ಸಲ ಹೊಡೆದಿರಿ ಎಂಬುದನ್ನು ಬರೆಯಿರಿ. ಹೊಡೆದು ಫಲಿಸದ ಔಷಧವನ್ನೂ ಮುಚ್ಚಿಡದೆ ಬರೆಯಿರಿ. ನಮ್ಮ ಸೋಲು ಅವರಿಗೆ ಸುಳಿವು.

ಸಂಘದ ಕಚೇರಿಯಲ್ಲಿ ಈ ತಿಂಗಳಿನಿಂದ ಇದಕ್ಕಾಗಿಯೇ ಒಂದು ದಫ್ತರ ಇಟ್ಟಿದ್ದೇವೆ. ಯಾವ ಸದಸ್ಯರ ಮಾದರಿ, ಯಾವ ಕೇಂದ್ರಕ್ಕೆ, ಎಂದು ಹೋಯಿತು, ಏನು ಉತ್ತರ ಬಂದಿತು ಎಂಬುದನ್ನು ಅದರಲ್ಲಿ ಬರೆಯಲಾಗುವುದು. ಉತ್ತರ ಬಾರದಿದ್ದರೆ ಅದನ್ನೂ ಬರೆದು, ಸಂಘದ ಹೆಸರಿನಲ್ಲಿ ಮತ್ತೆ ಕೇಳುತ್ತೇವೆ. ಒಬ್ಬನ ಪತ್ರಕ್ಕಿಂತ ಸಂಘದ ಪತ್ರಕ್ಕೆ ತೂಕ ಹೆಚ್ಚು. ಪ್ರಶ್ನೆ ಕೇಳಿದ ಆ ಹಿರಿಯ ಸದಸ್ಯರ ತೋಟದ ಎಲೆಯೇ ದಫ್ತರದ ಮೊದಲ ಸಾಲಾಗಲಿ ಎಂದು ಅವರನ್ನು ಕೋರಿದ್ದೇನೆ. ಅವರು ಒಪ್ಪಿದ್ದಾರೆ.

ಅಭ್ಯಾಸಕ್ಕೆ ಪ್ರಶ್ನೆಗಳು (ಊರಿನ ಸದಸ್ಯರು ಕೂಡಿ ಚರ್ಚಿಸಬೇಕು)

1. ಕೊಟ್ಟೆ ಕಟ್ಟಿದ ಗೊನೆಗೆ ಕೊಳೆರೋಗ ಏಕೆ ತಗಲುವುದಿಲ್ಲ? ರೋಗ ಕಂಡ ಮೇಲೆ ಹೊಡೆದ ಬೋರ್ಡೋ ದ್ರಾವಣ ಆ ಕಾಯಿಯನ್ನು ಏಕೆ ಉಳಿಸಲಾರದು?

2. ನಿಮ್ಮ ಮನೆಯಲ್ಲಿ ದ್ರಾವಣ ಮಾಡುವ ಪಾತ್ರೆ ಯಾವುದು? ಚಾಕುವಿನ ಪರೀಕ್ಷೆಯನ್ನು ಕಳೆದ ವರ್ಷ ಮಾಡಿದವರು ಎಷ್ಟು ಜನ?

3. ನಿಮ್ಮ ಊರಿನಲ್ಲಿ ದುಂಬಿ ಏಳುವ ಸಂಜೆಗಳು ಯಾವುವು? ಈ ವರ್ಷ ಬರೆದಿಟ್ಟುಕೊಂಡು ಸಂಘಕ್ಕೆ ತಿಳಿಸಿರಿ.

4. ಹತ್ತಿಯಲ್ಲಿ ನಾವು ಮಾಡಿದ ಯಾವ ತಪ್ಪನ್ನು ಅಡಿಕೆಯಲ್ಲಿ ಮತ್ತೆ ಮಾಡುತ್ತಿದ್ದೇವೆ?

5. ನಿಮ್ಮ ತೋಟದಲ್ಲಿ, ದಾರಿಯ ಬದಿಯಲ್ಲಿ, ನಿಮಗೆ ಕಾರಣ ತಿಳಿಯದ ಯಾವ ಸಂಗತಿ ಕಂಡಿದೆ? ಒಂದು ಚೀಟಿಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿರಿ.

— ಕಾರ್ಯದರ್ಶಿ